ಗಾಡಿಯ ಮೇಲಿಟ್ಟ ಎಡೆ

ಎದ್ದ ಕೂಡಲೆ ದೇವಮ್ಮ ಸಿಂಕಿನ ಮೇಲಿನ ಗುಂಡಿ ಒತ್ತಿ ದೀಪಗಳನ್ನು ನೋಡುತ್ತಾಳೆ. ಪಾತ್ರೆ ತೊಳೆದ ನೀರಿನ ಟ್ಯಾಂಕಿಗೆ ನಾಲ್ಕು ದೀಪ, ಕಕ್ಕಸಿನ ಟ್ಯಾಂಕಿಗೆ ನಾಲ್ಕು, ಅಡುಗೆ ಗ್ಯಾಸಿಗೆ ನಾಲ್ಕು. ಪಾತ್ರೆ ನೀರಿನದು ಮೂರು ದೀಪ ಹತ್ತಿದರೆ ಅವತ್ತು ಅನ್ನ ಬಸಿಯುವ ಹಾಗಿಲ್ಲ. ನಾಲ್ಕೂ ಹತ್ತಿದರೆ ಕೊಳೆನೀರನ್ನು ಚಕ್ರದ ಡಬ್ಬಕ್ಕೆ ಇಳಿಸಿ, ಕಾಲು ಮೈಲಿ ದೂರದ ಗುಂಡಿಯವರೆಗೆ ಎಳೆದುಕೊಂಡು ಹೋಗಿ ಸುರಿದು ಬರಬೇಕು. ಅದು ಗಂಡನ ಕೆಲಸ ಎಂದು ಗಾಡಿ ಕೊಂಡ ದಿನವೇ ಮಾತಾಗಿತ್ತು. ಗಂಡ ಜಗದೀಶ "ಮಧ್ಯಾಹ್ನ ನೋಡೋಣ ಬಿಡೇ" ಅನ್ನುತ್ತಾನೆ. ಮಧ್ಯಾಹ್ನದವರೆಗೆ ಅವಳು ಒಂದು ಲೋಟ ತೊಳೆಯುವುದಕ್ಕೂ ನಲ್ಲಿಯನ್ನು ದಾರದಷ್ಟೇ ಬಿಟ್ಟುಕೊಂಡು, ಕೆಳಗೆ ಟ್ಯಾಂಕು ಗುಳುಗುಳು ಅನ್ನುತ್ತದೇನೋ ಎಂದು ಕಿವಿಗೊಟ್ಟು ನಿಲ್ಲುತ್ತಾಳೆ.

ಇಪ್ಪತ್ತೆಂಟು ಅಡಿ ಉದ್ದದ ಆರ್‌ವಿ ಅದು, ಚಕ್ರದ ಮೇಲಿನ ಮನೆ. ಇಬ್ಬರೂ ಗಾಡಿ ಎಂದೇ ಕರೆಯುತ್ತಾರೆ. ಎರಡು ವರ್ಷದಿಂದ ಅವರಿಗೆ ಬೇರೆ ಮನೆಯಿಲ್ಲ.

ದೇವಮ್ಮನಿಗೆ ಐವತ್ತೊಂಬತ್ತು. ಟಿ. ನರಸೀಪುರದ ಕಡೆಯವಳು. ಅವಳ ಮನೆತನದಲ್ಲಿ ಬಿ.ಎಸ್ಸಿ. ಓದಿದ ಮೊದಲ ಹೆಣ್ಣು. ನ್ಯೂಜೆರ್ಸಿಗೆ ಬಂದ ಮೇಲೆ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಇಪ್ಪತ್ತೊಂದು ವರ್ಷ ಮಾತ್ರೆಗಳ ಪರೀಕ್ಷೆ ಮಾಡಿದಳು. ಬೆಳಿಗ್ಗೆ ಎರಡು ಡಬ್ಬಿ ಕಟ್ಟಿ, ಮಗಳು ತಾನ್ಯಾಳನ್ನು ಬಸ್ಸು ಹತ್ತಿಸಿ, ಲ್ಯಾಬಿಗೆ ಹೋಗಿ, ಬಂದು ಸಾರಿಗಿಟ್ಟು, ತಿಂಗಳಿಗೆ ಎರಡು ಸಲ ಕನ್ನಡ ಸಂಘದವರ ಊಟಕ್ಕೆ ಐವತ್ತು ಜನರ ಪುಳಿಯೋಗರೆಯನ್ನೂ ಕಲಸಿದಳು. ಲ್ಯಾಬಿನವರು ಅವಳ ವಿಭಾಗವನ್ನೇ ಮುಚ್ಚಿದ ವರ್ಷ ಜಗದೀಶನೂ ತನ್ನ ಐಟಿ ಕೆಲಸದಿಂದ ನಿವೃತ್ತನಾದ. ಆರು ತಿಂಗಳು ಕೂತು ವಿಡಿಯೋ ನೋಡಿದ. ಒಂದು ದಿನ, "ಈ ಮನೆ ಮಾರಿ ಗಾಡಿ ತಗೊಳೋಣ ಕಣೆ. ಇಡೀ ಅಮೆರಿಕ ನೋಡೋಣ. ನಿಂಗೂ ರೆಸ್ಟು" ಅಂದ.

"ಅಡುಗೆ?" ಎಂದು ದೇವಮ್ಮ ಕೇಳಿದಳು.

"ಗಾಡೀಲೇ ಅಡುಗೆಮನೆ ಇರತ್ತೆ!"

ರೆಸ್ಟು ಎಂದರೆ ಏನು ಎಂಬುದು ಅವಳಿಗೆ ಆಗಲೇ ಅರ್ಥವಾಗಿತ್ತು. ಆದರೂ ಮಾನ್ಮತ್ ಜಂಕ್ಷನ್ನಿನ ಟೌನ್‌ಹೌಸ್ ಮಾರಾಟವಾಯಿತು. ಇಡೀ ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ಮತ್ತು ಅರ್ಧ ನ್ಯೂಯಾರ್ಕ್ ರಾಜ್ಯ ನೋಡುವಷ್ಟರಲ್ಲಿ ಜಗದೀಶನ ಬೆನ್ನು ಹಿಡಿದುಕೊಂಡಿತು. ಆಮೇಲೆ ಸಿಕ್ಕಿದ್ದು ಈ ಏರ್ಪಾಡು: ಪಾರ್ಕುಗಳಲ್ಲಿ ಕ್ಯಾಂಪ್ ಹೋಸ್ಟ್ ಆಗಿ ಸ್ವಯಂಸೇವೆ ಮಾಡಿದರೆ ಗಾಡಿ ನಿಲ್ಲಿಸಲು ಜಾಗ, ಕರೆಂಟು, ನೀರು ಪುಕ್ಕಟೆ. ಗಂಡ ಹೆಂಡತಿ ಇಬ್ಬರೂ ಸೇರಿ ವಾರಕ್ಕೆ ನಲವತ್ತು ಗಂಟೆ ಕೆಲಸ ಮಾಡಬೇಕು. ಈ ವರ್ಷದ ಮೇ ತಿಂಗಳಿಂದ ಅವರು ನ್ಯೂಜೆರ್ಸಿಯ ಉತ್ತರ ತುದಿಯಲ್ಲಿ, ಬೆಟ್ಟದ ಮೇಲಿನ ಒಂದು ಪಾರ್ಕಿನಲ್ಲಿದ್ದಾರೆ.

ಜಗದೀಶ ಹಸಿರು ಜಾಕೆಟ್ ಹಾಕಿಕೊಂಡು ಪಾರ್ಕಿನವರು ಕೊಟ್ಟ ಪುಟ್ಟ ಗಾಡಿಯಲ್ಲಿ ಸುತ್ತುತ್ತಾನೆ. ಬಂದವರಿಗೆ ಟೆಂಟು ಹಾಕುವ ಸೈಟು ತೋರಿಸುತ್ತಾನೆ, ಹಕ್ಕಿಗಳ ಹೆಸರು ಹೇಳುತ್ತಾನೆ, ಸೌದೆಯ ಕಂತೆ ಕೊಡುತ್ತಾನೆ, ಮಾತಾಡುತ್ತಾನೆ. ದೇವಮ್ಮ ಬಾತ್‌ಹೌಸ್ ತೊಳೆಯುತ್ತಾಳೆ. ಆರು ಕಕ್ಕಸು, ನಾಲ್ಕು ಶವರು, ದಿನಕ್ಕೆರಡು ಸಲ. ಆಮೇಲೆ ಜನ ಬಿಟ್ಟುಹೋದ ಬೆಂಕಿಗುಂಡಿಗಳ ಬೂದಿ ತೋಡುತ್ತಾಳೆ. ಆಮೇಲೆ ಗಾಡಿಗೆ ಬಂದು ಕೈ ತೊಳೆದು, ಬಟ್ಟೆ ಬದಲಾಯಿಸಿ, ಎರಡು ಬರ್ನರಿನ ಒಲೆಯ ಮೇಲೆ ಅಡುಗೆ ಮಾಡುತ್ತಾಳೆ. ಮುಖ್ಯ ರೇಂಜರ್ ಕೋಲೀನ್ ಒಮ್ಮೆ ಬಾತ್‌ಹೌಸಿನಿಂದ ಹೊರಗೆ ಬಂದು, "ಹದಿನೆಂಟು ವರ್ಷದ ಸರ್ವಿಸಿನಲ್ಲಿ ಇಷ್ಟು ಕ್ಲೀನಾಗಿ ನೋಡಿಲ್ಲ" ಅಂದಳು. ಜಗದೀಶ, "ಥ್ಯಾಂಕ್ಯೂ, ವೀ ಟ್ರೈ ಅವರ್ ಬೆಸ್ಟ್" ಎಂದ.

ಸೆಪ್ಟೆಂಬರಿನಲ್ಲಿ ದೇವಮ್ಮನಿಗೆ ನಿದ್ದೆ ಕೆಟ್ಟಿತು. ಅಕ್ಟೋಬರ್ ಕೊನೆಗೆ ಕ್ಯಾಂಪ್‌ಗ್ರೌಂಡ್ ಮುಚ್ಚುತ್ತದೆ. ಚಳಿಗಾಲಕ್ಕೆ ಒಂದೇ ಒಂದು ಹೋಸ್ಟ್ ಜೋಡಿಯನ್ನು ಇಟ್ಟುಕೊಳ್ಳುತ್ತಾರೆ. ಹೆಪ್ಪುಗಟ್ಟದ ನೀರಿನ ಪೈಪಿರುವುದು ಒಂದೇ ಸೈಟಿಗೆ. ಆ ಸೈಟು ನಿಮಗೇ ಎಂದು ಕೋಲೀನ್ ಬಾಯಿಮಾತಿನಲ್ಲಿ ಹೇಳಿದ್ದಳು. ಆದರೆ ಪಾರ್ಕಿನ ಸೂಪರಿಂಟೆಂಡೆಂಟ್ ಕಾಗದಕ್ಕೆ ಸಹಿ ಹಾಕುವುದು ತಿಂಗಳ ಕೊನೆಗೆ. ಆ ಸಹಿ ಬೀಳದಿದ್ದರೆ ನವೆಂಬರ್ ಒಂದಕ್ಕೆ ಎಲ್ಲಿಗೆ? ತಾನ್ಯಾ ಇರುವುದು ಫೋರ್ಟ್ ಲೀಯಲ್ಲಿ, ಹದಿನಾಲ್ಕನೇ ಮಹಡಿಯ ಒಂದೇ ಕೋಣೆಯ ಮನೆಯಲ್ಲಿ. ಆ ಕೋಣೆಯಲ್ಲಿ ಅವಳೂ ಅವಳ ರೂಂಮೇಟೂ ಮಧ್ಯೆ ಕರ್ಟನ್ ಕಟ್ಟಿಕೊಂಡಿದ್ದಾರೆ. ಬಾಸ್ಕಿಂಗ್ ರಿಡ್ಜಿನ ಸ್ನೇಹಿತರ ಮನೆಮುಂದೆ ಗಾಡಿ ನಿಲ್ಲಿಸಲು ಅಲ್ಲಿನ ಅಸೋಸಿಯೇಷನ್ ಬಿಡುವುದಿಲ್ಲ. ದಕ್ಷಿಣದ ಬಿಸಿ ರಾಜ್ಯಗಳಿಗೆ ಡ್ರೈವ್ ಮಾಡಲು ಜಗದೀಶನ ಬೆನ್ನು ಬಿಡುವುದಿಲ್ಲ. ದೇವಮ್ಮ ಇದನ್ನೆಲ್ಲ ದಿನಕ್ಕೊಮ್ಮೆ ಮನಸ್ಸಿನಲ್ಲೇ ಎಣಿಸಿ ನೋಡುತ್ತಿದ್ದಳು. ಪ್ರತಿಸಲವೂ ಕೊನೆಗೆ ಉಳಿಯುತ್ತಿದ್ದುದು ಆ ಒಂದು ಸಹಿ.

ಆಗ ಪಿತೃಪಕ್ಷ ಬಂತು.

"ಅಮ್ಮನಿಗೆ ಎಡೆ ಇಡಬೇಕು ಕಣೆ" ಎಂದ ಜಗದೀಶ. "ಹೋದ ವರ್ಷ ರೋಡಲ್ಲಿದ್ವಿ, ತಪ್ಪೋಯ್ತು. ಅದಕ್ಕೇ ನನ್ನ ಬೆನ್ನು ಹಿಂಗಾಗಿರೋದು."

"ಬೆನ್ನು ಆಗಿದ್ದು ಡ್ರೈವ್ ಮಾಡಿ."

"ನೀನು ಸೈನ್ಸ್ ಓದ್ದೋಳು, ಹಂಗೇ ಹೇಳ್ತೀಯ."

ಅವರ ಮನೆಯಲ್ಲಿ ಹಿರಿಯರ ಹಬ್ಬಕ್ಕೆ ಸತ್ತವರು ಬದುಕಿದ್ದಾಗ ಇಷ್ಟಪಟ್ಟು ತಿಂದದ್ದನ್ನೆಲ್ಲ ಮಾಡಿ, ಫೋಟೋದ ಮುಂದೆ ಬಾಳೆಯೆಲೆಯಲ್ಲಿ ಬಡಿಸಿ, ಧೂಪ ಹಾಕಿ, ಆಮೇಲೆ ಒಂದು ಎಲೆಯನ್ನು ಮಾಳಿಗೆ ಮೇಲೆ ಕಾಗೆಗೆ ಇಡುತ್ತಾರೆ. ದೇವಮ್ಮನ ಅತ್ತೆಗೆ ಬಹಳ ಇಷ್ಟವಿದ್ದವು: ಮಟನ್ ಸಾರು, ಕೈಮದ ಉಂಡೆ, ರಾಗಿಮುದ್ದೆ, ಕಜ್ಜಾಯ, ಒಬ್ಬಟ್ಟು, ವಡೆ. ಅತ್ತೆ ಅಮೆರಿಕಕ್ಕೆ ಬಂದಾಗಲೆಲ್ಲ ಆರು ತಿಂಗಳು ಇದ್ದು, ಪ್ರತಿ ಭಾನುವಾರ ಉಪ್ಪು ಕಡಿಮೆ ಎಂದು ಹೇಳಿ, ಎರಡನೇ ಸಲ ಬಡಿಸಿಕೊಂಡು ಹೋಗಿದ್ದರು. ಈಗ ಅವರಿಗೆ ಇಪ್ಪತ್ತೆಂಟು ಅಡಿ ಗಾಡಿಯಲ್ಲಿ ಎಡೆ.

ಅಮಾವಾಸ್ಯೆಯ ಹಿಂದಿನ ಶನಿವಾರ ದೇವಮ್ಮ ನಾಲ್ಕೂವರೆಗೆ ಎದ್ದಳು. ಹೀಟರ್ ಉರಿಯುವಾಗ ಮಿಕ್ಸಿ ಹಾಕಿದರೆ ಬ್ರೇಕರ್ ಬಿದ್ದು ಕರೆಂಟು ಹೋಗುತ್ತದೆ. ಹೀಟರ್ ಆರಿಸಿ, ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಮಸಾಲೆ ರುಬ್ಬಿದಳು. ಜಗದೀಶ ಎದ್ದು ಚಳಿ ಅಂದ. ಏಳಕ್ಕೆ ಒಲೆ ಸಣ್ಣಗೆ ಮಾಡಿ ಬಾತ್‌ಹೌಸಿಗೆ ಓಡಿ, ತೊಳೆದು, ಬಂದು ಮೈ ತೊಳೆದು ಕಜ್ಜಾಯ ತಟ್ಟಿದಳು. ಕರಿದ ಎಣ್ಣೆಯ ಹೊಗೆಗೆ ಅಲಾರಂ ಎರಡು ಸಲ ಕೂಗಿತು. ಜಗದೀಶ ಅದರ ಕೆಳಗೆ ಟವೆಲ್ ಬೀಸುತ್ತ ನಿಂತು, "ಎಷ್ಟು ಕೆಲಸ ನೋಡು" ಅಂದ.

ನಡುವೆ ಬಾಗಿಲು ಯಾರೋ ತಟ್ಟಿದರು. ಹಿಂದಿನ ಸಂಜೆ ಪಕ್ಕದ ಸೈಟಿಗೆ ಟೆಂಟು ಹಾಕಿದ್ದ ಗಂಡಹೆಂಡತಿಯಲ್ಲಿ ಹೆಂಡತಿ. ಕೈಹಿಡಿದು ನಾಲ್ಕೈದು ವರ್ಷದ ಮಗಳು.

"ಆಂಟೀ, ಸ್ವಲ್ಪ ಬೆಂಕಿಪೊಟ್ಟಣ... ಅಯ್ಯೋ, ನೀವು ಕನ್ನಡದವ್ರಾ? ವಾಸನೆ ನೋಡೇ ಅಂದ್ಕೊಂಡೆ!"

ಹೆಸರು ಉಝ್ಮಾ. ಮೈಸೂರಿನ ಮಂಡಿ ಮೊಹಲ್ಲಾದವಳು. ಗಂಡ ಮೋಯಿನ್ ಐಟಿಯವನು. ಇರುವುದು ಮಾನ್ಮತ್ ಜಂಕ್ಷನ್ನಿನಲ್ಲೇ ಎಂದು ತಿಳಿದು ದೇವಮ್ಮನಿಗೆ ಕೈಯ ಹಿಟ್ಟು ಒಣಗುವಷ್ಟು ಹೊತ್ತು ಮಾತಾಡಬೇಕೆನಿಸಿತು. ಆದರೆ ಅವಳು ಹೋಸ್ಟ್. ಹೋಸ್ಟ್ ಮೊದಲು ಹೇಳಬೇಕಾದ್ದನ್ನು ಹೇಳಿದಳು.

"ನೋಡಮ್ಮ, ಇಲ್ಲಿ ಕರಡಿ ಇದೆ. ಚಳಿಗಾಲಕ್ಕೆ ಮೊದಲು ಅವಕ್ಕೆ ತಡೆಯಲಾರದ ಹಸಿವು. ತಿನ್ನೋದು ಒಂದು ಚೂರೂ ಹೊರಗೆ ಬಿಡಬೇಡಿ. ಟೆಂಟೊಳಗೂ ಬೇಡ. ಉಂಡಿದ್ದು, ಉಳಿದದ್ದು, ಪೇಸ್ಟು ಸೋಪು ಸಮೇತ ಆ ಕಬ್ಬಿಣದ ಪೆಟ್ಟಿಗೇಲಿ ಹಾಕಿ ಚಿಲಕ ಹಾಕಿ."

"ಸೋಪೂನಾ? ಕರಡಿ ಸ್ನಾನ ಮಾಡತ್ತಾ ಆಂಟಿ?"

ಮಗು ನಕ್ಕಿತು. ದೇವಮ್ಮನೂ ನಕ್ಕಳು. "ಇವತ್ತು ಹಬ್ಬಾನಾ?" ಎಂದು ಉಝ್ಮಾ ಒಳಗೆ ಇಣುಕಿದಳು. "ಎಡೆ" ಅಂದಳು ದೇವಮ್ಮ. "ಗೊತ್ತು ಬಿಡಿ. ನಮ್ಮ ಬೀದೀಲಿ ಪಕ್ಕದ ಮನೆಯವ್ರು ಪ್ರತಿ ವರ್ಷ ನಮಗೆ ಕಜ್ಜಾಯ ಕಳಿಸೋರು" ಎಂದು ಉಝ್ಮಾ ಬೆಂಕಿಪೊಟ್ಟಣ ತೆಗೆದುಕೊಂಡು ಹೋದಳು. ಅವಳಿಗೂ ನಾಲ್ಕು ಕಜ್ಜಾಯ ಎತ್ತಿಡಬೇಕು ಎಂದುಕೊಂಡಳು ದೇವಮ್ಮ.

ಹನ್ನೆರಡಕ್ಕೆ ಎಡೆ ಆಯಿತು. ಊಟ ಮುಗಿಸಿ ಜಗದೀಶ ಸ್ಟೀಲ್ ತಟ್ಟೆಯ ಮೇಲೆ ಬಾಳೆಯೆಲೆ ಹಾಸಿ, ಎಲ್ಲವನ್ನೂ ಒಂದೊಂದು ಬಡಿಸಿ, ಮೂಳೆ ಇರುವ ತುಂಡುಗಳನ್ನೇ ಆರಿಸಿಟ್ಟು, ಬಾಗಿಲು ತೆರೆದ.

"ಎಲ್ಲಿಗ್ರೀ?"

"ಕಾಗೆಗೆ."

"ಇಲ್ಲಿ ಇಡೋ ಹಾಗಿಲ್ಲ. ದಿನಾ ಊರಿಗೆಲ್ಲ ಹೇಳ್ತೀವಿ."

"ರೂಲ್ಸ್ ಓದು. ಟೇಬಲ್ ಮೇಲೆ ಇಡಬಾರದು, ನೆಲದ ಮೇಲೆ, ಟೆಂಟಲ್ಲಿ, ಟ್ರಕ್ ಹಿಂದೆ ಇಡಬಾರದು. ಮಾಳಿಗೆ ಅಂತ ಎಲ್ಲಾದ್ರೂ ಇದ್ಯಾ? ಹನ್ನೊಂದು ಅಡಿ ಎತ್ತರ. ಕಾಗೆ ಬಂದು ಐದು ನಿಮಿಷದಲ್ಲಿ ತಿಂದೋಗತ್ತೆ. ಅಲ್ಲಿ ಮನೇಲಿ ಡೆಕ್ ಮೇಲೆ ಇಡ್ತಿರಲಿಲ್ವಾ?"

ಮಾನ್ಮತ್ ಜಂಕ್ಷನ್ನಿನ ಡೆಕ್ಕಿಗೆ ಬರುತ್ತಿದ್ದುದು ಕಾಗೆ, ತಪ್ಪಿದರೆ ಅಳಿಲು. ಅವನು ಹಿಂಬದಿಯ ಏಣಿ ಹತ್ತಿ ಇಟ್ಟು ಇಳಿದ. ಬೆನ್ನು ಏನೂ ಅನ್ನಲಿಲ್ಲ.

ಎರಡು ಗಂಟೆಗೆ ದೇವಮ್ಮ ಬೂದಿ ತೋಡಲು ಹೊರಟಾಗ ಹಿಂದೆ ಸರಿದು ನಿಂತು ನೋಡಿದಳು. ಎಲೆಯ ಅಂಚು ಮೇಲೆ ಕಾಣುತ್ತಿತ್ತು. ಕಾಗೆ ಬಂದಿರಲಿಲ್ಲ. ತೆಗೆಸಬೇಕು ಎಂದುಕೊಂಡಳು. ತೆಗೆಸಬೇಕಾದರೆ ಮಲಗಿದ್ದವನನ್ನು ಎಬ್ಬಿಸಬೇಕು. ಎಬ್ಬಿಸಿದರೆ ಅಮ್ಮನ ಮಾತು ಬರುತ್ತದೆ, ಅಮ್ಮನ ಹಿಂದೆ ಮದುವೆಯ ಮೂವತ್ತಮೂರು ವರ್ಷವೂ ಬರುತ್ತದೆ. ನಾಲ್ಕೂವರೆಯಿಂದ ನಿಂತ ಕಾಲು. ಬಂದು ತೆಗೆಸೋಣ ಎಂದು ಬಕೆಟ್ ಎತ್ತಿಕೊಂಡು ಹೋದಳು. ಹೋದ ಮೇಲೂ ಪ್ರತಿ ಗುಂಡಿಯ ಹತ್ತಿರ ತಲೆಯೆತ್ತಿ ಗಾಡಿಯ ಕಡೆ ನೋಡಿದಳು. ಮರಗಳ ಮರೆಯಲ್ಲಿ ಏನೂ ಕಾಣುತ್ತಿರಲಿಲ್ಲ.

ನಾಲ್ಕು ಗಂಟೆಗೆ ಅವಳು ತಿರುಗಿ ಬರುವಾಗ ಜಗದೀಶ ಸೌದೆ ತರಲು ಹೋಗಿದ್ದ. ಉಝ್ಮಾ ಮಗಳೊಂದಿಗೆ ಕೆರೆಯ ಕಡೆ ಹೋಗಿದ್ದಳು. ಗಾಡಿಯ ಹಿಂಬದಿಯ ಏಣಿಯ ಮೇಲೆ ಕರಡಿ ಇತ್ತು. ಮನುಷ್ಯರ ಹಾಗೆಯೇ, ಒಂದೊಂದೇ ಕಾಲು ಊರಿ, ಅವಸರವಿಲ್ಲದೆ ಇಳಿಯುತ್ತಿತ್ತು. ಬಾಯಲ್ಲಿ ಎಲೆ. ನೆಲ ಮುಟ್ಟಿ, ಎಲೆಯನ್ನು ಎಳೆದುಕೊಂಡು ಪಕ್ಕದ ಸೈಟಿಗೆ ಹೋಗಿ, ಟೆಂಟಿನ ಮುಂದೆ ಕೂತು ಮೂಳೆ ಕಡಿಯಿತು. ಮುಗಿದ ಮೇಲೆ ಇನ್ನೂ ಇದೆಯೇನೋ ಎಂದು ಟೆಂಟಿಗೆ ಮೂಗು ಹಚ್ಚಿತು. ಒಂದೇ ಏಟಿಗೆ ಬಟ್ಟೆ ಮೇಲಿಂದ ಕೆಳಗಿನವರೆಗೆ ಹರಿಯಿತು. ಒಳಗಿಂದ ಮಗುವಿನ ದಿಂಬು ಹೊರಗೆ ಬಂತು.

ಮಗು ಒಳಗಿಲ್ಲ ಎಂದು ದೇವಮ್ಮನಿಗೆ ಗೊತ್ತಿತ್ತು. ಆದರೂ ಆ ದಿಂಬು ಕಂಡು ಬಕೆಟ್ ಕೆಳಗೆ ಬಿಟ್ಟಳು. ಹೋಸ್ಟ್‌ಗಳಿಗೆ ಕೊಟ್ಟಿರುವ ಗಾಳಿಯ ಹಾರ್ನು ಸೊಂಟದಲ್ಲೇ ಇತ್ತು. ಒತ್ತಿದಳು. ಬೆರಳು ಬಿಡಿಸಲಾಗದೆ ಒತ್ತಿಕೊಂಡೇ ನಿಂತಳು. ಕರಡಿ ಒಮ್ಮೆ ಅವಳನ್ನು ನೋಡಿ, ಹಿಂದಕ್ಕೆ ತಿರುಗಿ, ಮರಗಳೊಳಗೆ ನಡೆದುಹೋಯಿತು.

ಹಾರ್ನು ಕೇಳಿ ಜಗದೀಶ ಬಂದ. ಒಂದು ನೋಟಕ್ಕೆ ಅವನಿಗೆ ಎಲ್ಲ ತಿಳಿಯಿತು. ಏಣಿ ಹತ್ತಿ ತಟ್ಟೆ ಇಳಿಸಿ, ಒಳಗೆ ಹೋಗಿ, ಸಿಂಕಿನಲ್ಲಿ ಎರಡು ಸಲ ಸೋಪು ಹಾಕಿ ಉಜ್ಜಿ, ಒರೆಸಿ, ಕಪಾಟಿನಲ್ಲಿಟ್ಟ. ಮದುವೆಯಾದಾಗಿನಿಂದ ಅವನು ತಟ್ಟೆ ತೊಳೆದದ್ದನ್ನು ದೇವಮ್ಮ ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಕೋಲೀನಳ ಟ್ರಕ್ಕು ಬಂತು. ಕೆರೆಯ ಕಡೆಯಿಂದ ಉಝ್ಮಾ ಮಗುವನ್ನೆತ್ತಿಕೊಂಡು ಓಡಿಬಂದಳು, ಕಾರಿನಲ್ಲಿ ಮಲಗಿದ್ದ ಮೋಯಿನ್ ಎದ್ದು ಬಂದ. ಕೋಲೀನ್ ಹರಿದ ಟೆಂಟು ನೋಡಿದಳು, ಅದರ ಮುಂದೆ ಬಿದ್ದ ಮೂಳೆ ನೋಡಿದಳು, ಮಧ್ಯಾಹ್ನ ಚಿಕನ್ ಸುಟ್ಟ ಗ್ರಿಲ್ ನೋಡಿದಳು. ಅವಳ ದನಿ ಗಟ್ಟಿಯಾಯಿತು. ಇಲ್ಲಿ ಮಾಂಸ ಹೊರಗೆ ಬಿಟ್ಟವರು ಯಾರು? ನಿಯಮ ಓದಿ ಸಹಿ ಹಾಕಿದ್ದೀರಿ ತಾನೆ? ಇವತ್ತೇ ಸೈಟು ಖಾಲಿ ಮಾಡಬೇಕು. ದಂಡದ ಟಿಕೆಟ್ ಬರೆಯುತ್ತೇನೆ, ಐಡಿ ಕೊಡಿ.

"ಮ್ಯಾಮ್, ಎಲ್ಲ ಪೆಟ್ಟಿಗೇಲಿತ್ತು" ಎಂದ ಮೋಯಿನ್. ಅವನ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತ್ತು. ಆಮೇಲೆ ಹೆಂಡತಿಯ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಟಿಕೆಟ್ ಅಂದ್ರೆ ಕೋರ್ಟಿಗೆ ಹೋಗತ್ತೆ. ಗ್ರೀನ್ ಕಾರ್ಡ್ ಫಾರಂನಲ್ಲಿ ಕೇಳ್ತಾರೆ, ಯಾವತ್ತಾದ್ರೂ ಕೇಸಾಗಿದ್ಯಾ ಅಂತ. ಒಂಬತ್ತು ವರ್ಷ ಕಾದಿದೀವಿ ಉಝ್ಮಾ" ಎಂದ.

ಉಝ್ಮಾ ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆರೆದು ತೋರಿಸಿದಳು. ಚಿಕನ್ ಡಬ್ಬಿ, ಬ್ರೆಡ್ಡು, ಹಾಲು, ಕೊನೆಗೆ ಸೋಪು. "ನಾನು ಸೋಪೂ ಒಳಗಿಟ್ಟಿದೀನಿ. ಇವರೇ ಹೇಳಿದ್ದು, ನಾನು ಹಾಗೇ ಮಾಡಿದೀನಿ" ಎಂದು ಇಂಗ್ಲಿಷಿನಲ್ಲಿ ಹೇಳಿ ದೇವಮ್ಮನ ಕಡೆ ಕೈ ತೋರಿಸಿದಳು. "ಆಂಟಿ, ನೀವೇ ಹೇಳಿ."

ಹೇಳುತ್ತ ಹೇಳುತ್ತ ಅವಳ ಕಣ್ಣು ಕೆಳಗೆ ಹೋಯಿತು. ಹುಲ್ಲಿನ ಮೇಲೆ ಅಂಗೈ ಅಗಲದ ಬಾಳೆಯೆಲೆಯ ಚೂರು, ಅದಕ್ಕಂಟಿದ ಮುದ್ದೆ. ಕೋಲೀನಳಿಗೆ ಅದು ಯಾವುದೋ ಕಾಡಿನ ಎಲೆ. ಉಝ್ಮಾ ಅದನ್ನು ನೋಡಿದಳು, ಗಾಡಿಯ ಏಣಿಯನ್ನು ನೋಡಿದಳು, ದೇವಮ್ಮನನ್ನು ನೋಡಿದಳು. ಬೆಳಿಗ್ಗೆ ಸೋಪಿನ ಮಾತಿಗೆ ನಕ್ಕ ಅದೇ ಮುಖ ಈಗ ಬಿಳಚಿಕೊಂಡಿತ್ತು.

ಜಗದೀಶ ಹೆಂಡತಿಯ ಪಕ್ಕಕ್ಕೆ ಬಂದ. ಅಮೆರಿಕನ್ನರ ಮುಂದೆ ಗುಟ್ಟು ಹೇಳಬೇಕಾದಾಗ ಇಪ್ಪತ್ತೆಂಟು ವರ್ಷದಿಂದ ಮಾಡಿದಂತೆ, ತುಟಿಯ ಮೇಲೆ ನಗು ಇಟ್ಟುಕೊಂಡು, ನಿಧಾನವಾಗಿ ಕನ್ನಡದಲ್ಲಿ ಹೇಳಿದ:

"ಸುಮ್ನಿರು. ಅವರು ನಾಳೆ ಹೋಗೋರು. ನಾವು ಇಲ್ಲಿರಬೇಕಾದೋರು. ಸಹಿ ಆಗ್ಲಿ."

ಕೋಲೀನಳಿಗೆ ಅರ್ಥವಾಗಲಿಲ್ಲ. ಮೋಯಿನ್ ತಲೆಯೆತ್ತಿದ. ಉಝ್ಮಾಳ ಕೈಯಲ್ಲಿದ್ದ ಮಗುವೂ ತಲೆಯೆತ್ತಿತು. ತನ್ನ ಗುಟ್ಟಿನ ಭಾಷೆ ಆ ಮೂವರದೂ ಹೌದೆಂದು ಜಗದೀಶನಿಗೆ ಹೊಳೆಯಲು ಒಂದು ಕ್ಷಣ ಹಿಡಿಯಿತು. ಅವನ ತುಟಿಯ ನಗು ಹಾಗೇ ಉಳಿದು, ಕಿವಿ ಕೆಂಪಾಯಿತು.

ದೇವಮ್ಮನ ಕಣ್ಣ ಮುಂದೆ ನವೆಂಬರ್ ಒಂದು ಬಂದು ನಿಂತಿತು. ಹೆಪ್ಪುಗಟ್ಟಿದ ಪೈಪು, ತಾನ್ಯಾಳ ಕರ್ಟನ್ನು, ಬಾಸ್ಕಿಂಗ್ ರಿಡ್ಜಿನ ಸ್ನೇಹಿತೆ ಫೋನಿನಲ್ಲಿ "ಬೇಜಾರ್ ಮಾಡ್ಕೋಬೇಡಿ" ಅನ್ನುವ ದನಿ. ಹೇಳದೆ ಇರುವುದು ಎಷ್ಟು ಸುಲಭ ಎಂದೂ ಅನಿಸಿತು; ಈ ಮೂವತ್ತಮೂರು ವರ್ಷ ಅವಳು ಹೆಚ್ಚಾಗಿ ಮಾಡಿದ್ದು ಅದನ್ನೇ.

"ಕೋಲೀನ್, ಐಡಿ ತಗೋಬೇಡ" ಅಂದಳು. "ಅದು ಅವರ ಮಾಂಸ ಅಲ್ಲ. ನಮ್ಮದು. ನಮ್ಮ ಗಾಡಿಯ ಮೇಲಿತ್ತು. ಕರಡಿ ಏಣಿಯಿಂದ ಇಳೀತಾ ಇತ್ತು, ನಾನು ಕಣ್ಣಾರೆ ನೋಡಿದೆ."

ಕೋಲೀನ್ ಪೆನ್ನು ಕೆಳಗಿಳಿಸಿದಳು. "ನಿಮ್ಮದಾ? ಹೋಸ್ಟ್‌ಗಳದ್ದಾ?"

ಜಗದೀಶ ನಡುವೆ ಬಂದ. "ಆಫೀಸರ್, ಇದು ನಮ್ಮ ಕಡೆ ಒಂದು ರಿಲಿಜಿಯಸ್ ಕಸ್ಟಮ್. ತೀರಿಕೊಂಡವರಿಗೆ ಊಟ. ಹೆಂಗಸರು ಮಾಡೋದು. ನನ್ನ ಹೆಂಡತಿ ಸ್ವಲ್ಪ ಸಂಪ್ರದಾಯಸ್ಥೆ."

ದೇವಮ್ಮ ಅವನ ಮುಖ ನೋಡಿದಳು. ಕೋಪ ಬರಬೇಕಿತ್ತು; ಬಂದದ್ದು ಸುಸ್ತು.

"ಅಡುಗೆ ಮಾಡಿದ್ದು ನಾನು, ಏಳು ಗಂಟೆ ಹೊತ್ತು" ಎಂದಳು ಕೋಲೀನಳಿಗೆ. "ಮೇಲೆ ಇಟ್ಟಿದ್ದು ಇವರು. ನನ್ನ ಮಂಡಿಗೆ ಆ ಏಣಿ ಹತ್ತೋಕಾಗಲ್ಲ, ನಿನಗೇ ಗೊತ್ತು. ಆದ್ರೆ ಎರಡು ಗಂಟೆಗೆ ನಾನು ಅದನ್ನ ನೋಡ್ದೆ. ನೋಡಿಯೂ ಇಳಿಸಿ ಅಂತ ಹೇಳಲಿಲ್ಲ. ಅದು ನನ್ನ ತಪ್ಪು, ಬರ್ಕೋ."

ಕೋಲೀನ್ ಬರೆದುಕೊಂಡಳು. ಟಿಕೆಟ್ ಜಗದೀಶನ ಹೆಸರಿಗೆ ಹೋಯಿತು. ಅವನು ಸಿಟಿಜನ್, ಅವನಿಗೆ ಯಾವ ಫಾರಂ ಭಯವೂ ಇರಲಿಲ್ಲ. ಮುಂದಿನ ಭಾನುವಾರದೊಳಗೆ ಜಾಗ ಬಿಡಬೇಕು ಎಂದು ಸೂಪರಿಂಟೆಂಡೆಂಟ್ ಫೋನಿನಲ್ಲೇ ಹೇಳಿದರು. ಚಳಿಗಾಲದ ಕಾಗದದ ಮಾತು ಯಾರೂ ಎತ್ತಲಿಲ್ಲ, ಎತ್ತುವ ಅಗತ್ಯವಿರಲಿಲ್ಲ.

ಉಝ್ಮಾ ಹರಿದ ಟೆಂಟು ಮಡಚಿ ಕಾರಿಗೆ ತುಂಬಿದಳು. ಹೊರಡುವ ಮೊದಲು ಬಂದು ದೇವಮ್ಮನ ಕೈ ಹಿಡಿದಳು. "ಟೆಂಟಿನ ದುಡ್ಡು..." ಎಂದು ದೇವಮ್ಮ ಶುರುಮಾಡಿದರೆ, "ಬಿಡಿ ಆಂಟಿ, ನನಗೆ ಮೊದಲಿಂದ್ಲೂ ಟೆಂಟು ಇಷ್ಟ ಇರಲಿಲ್ಲ. ಎಲ್ಲ ನಾನೇ ಪ್ಯಾಕ್ ಮಾಡಬೇಕು, ನಾನೇ ಬಿಚ್ಚಬೇಕು. ಇವರದು ನೇಚರ್ ನೋಡೋ ಡಿಪಾರ್ಟ್‌ಮೆಂಟು" ಎಂದು ಗದ್ದ ಎತ್ತಿ ಗಂಡನ ಕಡೆ ತೋರಿಸಿದಳು.

ಆ ವಾರ ಗಾಡಿಯೊಳಗೆ ಮಾತಿರಲಿಲ್ಲ. ಇಪ್ಪತ್ತೆಂಟು ಅಡಿಯಲ್ಲಿ ಮಾತು ಬಿಡುವುದೂ ಕಷ್ಟ. ಒಬ್ಬರು ಸರಿಯದೆ ಇನ್ನೊಬ್ಬರು ದಾಟುವ ಹಾಗಿಲ್ಲ. ಮಂಗಳವಾರ ಜಗದೀಶ, "ಆ ಹುಡುಗನಿಗೆ ಆಗೋದು ಏನಿರಲಿಲ್ಲ. ವಾರ್ನಿಂಗ್ ಕೊಟ್ಟು ಬಿಡ್ತಿದ್ರು. ನೀನು ಮನೆ ಕಳೆದೆ" ಎಂದ.

"ಮನೇನ ಎರಡು ವರ್ಷದ ಹಿಂದೇನೇ ಕಳೆದ್ವಿ" ಎಂದಳು.

ತಾನ್ಯಾ ಫೋನು ಮಾಡಿದಳು. "ಅಮ್ಮಾ, ವೈ ವುಡ್ ಯೂ ಗೈಸ್ ಪುಟ್ ಮಟನ್ ಆನ್ ದ ರೂಫ್? ಇನ್ ಬೇರ್ ಕಂಟ್ರಿ?"

"ನಿಮ್ಮ ಅಜ್ಜಿಗೆ ಕಣೆ."

"ಅಜ್ಜಿ ಈಸ್ ಡೆಡ್, ಅಮ್ಮ." ದನಿ ತಗ್ಗಿಸಿ, "ಯೂ ಕ್ಯಾನ್ ಕಮ್ ಹಿಯರ್. ಫಾರ್ ಲೈಕ್, ಎ ವೀಕ್?" ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಐ ಹ್ಯಾವ್ ಟು ಆಸ್ಕ್ ರಿಯಾ." ರಿಯಾ ಎಂದರೆ ಕರ್ಟನ್ನಿನ ಆಚೆಯವಳು.

ದೇವಮ್ಮ ಒಂದು ಕಾಗದದ ಮೇಲೆ ಬರೆದಿಟ್ಟ ನಂಬರುಗಳಿಗೆ ಒಂದೊಂದಾಗಿ ಫೋನು ಮಾಡಿದಳು. ಒಂದು ಖಾಸಗಿ ಪಾರ್ಕು ತುಂಬಿತ್ತು. ಇನ್ನೊಂದು ಅಕ್ಟೋಬರಿಗೇ ಮುಚ್ಚುತ್ತಿತ್ತು. ಮೂರನೆಯದರಲ್ಲಿ ಯಾರೂ ಎತ್ತಲಿಲ್ಲ. ದಿನಾ ಎರಡು ಹೊತ್ತೂ ಬಾತ್‌ಹೌಸ್ ತೊಳೆದಳು. ಭಾನುವಾರದವರೆಗೆ ಅದು ಅವಳದೇ ಕೆಲಸ.

ಗುರುವಾರ ಬೆಳಿಗ್ಗೆ ಅವಳು ಶವರು ಉಜ್ಜುತ್ತಿದ್ದಾಗ ಕೋಲೀನ್ ಬಾಗಿಲಲ್ಲಿ ನಿಂತಳು. ಶನಿವಾರದ ಸಿಟ್ಟು ಅವಳಿಗೆ ಪೂರ್ತಿ ಇಳಿದಿರಲಿಲ್ಲ. ದಕ್ಷಿಣ ಜೆರ್ಸಿಯ ಪೈನ್ ಕಾಡಿನಲ್ಲಿ ಇನ್ನೊಂದು ಪಾರ್ಕಿದೆ, ಅದರ ಚಳಿಗಾಲದ ಹೋಸ್ಟ್ ಕೈಕೊಟ್ಟಿದ್ದಾನೆ ಎಂದಳು. "ನಡೆದದ್ದನ್ನೆಲ್ಲ ನಾನು ಅವರಿಗೆ ಹೇಳಿದ್ದೇನೆ, ಒಂದೂ ಬಿಟ್ಟಿಲ್ಲ. ಆದರೂ ಮಾತಾಡುತ್ತಾರಂತೆ. ನಿನ್ನ ಹತ್ತಿರ. ಅವನ ಹತ್ತಿರ ಅಲ್ಲ."

ಹನ್ನೊಂದಕ್ಕೆ ಫೋನು ಬಂತು. ಊಟದ ಟೇಬಲ್ ಎಂದು ಕರೆಯುವ ಹಲಗೆಯ ಒಂದು ಕಡೆ ದೇವಮ್ಮ, ಇನ್ನೊಂದು ಕಡೆ ಜಗದೀಶ. ಅವನು ಅಭ್ಯಾಸದಂತೆ ಕೈ ಚಾಚಿದ. ಅವಳು ಕೊಡಲಿಲ್ಲ.

ಆ ಕಡೆಯ ಗಂಡಸು ಕರಡಿಯ ವಿಷಯ ಕೇಳಿದ. ಹೌದು, ನಮ್ಮದೇ ಎಂದಳು. ಪಾರ್ಕಿನಲ್ಲಿ ಏನೇನು ಮಾಡುತ್ತಿದ್ದೆ ಎಂದು ಕೇಳಿದ. ದೇವಮ್ಮ ಹೇಳತೊಡಗಿದಳು: ಆರು ಕಕ್ಕಸು, ನಾಲ್ಕು ಶವರು, ಬೂದಿ, ಕಸ, ಕೊಳಾಯಿಯ ವಾಷರ್ ಬದಲಾಯಿಸುವುದು, ತೊಳೆಯುವ ಔಷಧಿ ನೀರಿನ ಅಳತೆ. ಇಷ್ಟನ್ನೂ ಯಾರಿಗೂ ಹೀಗೆ ಸಾಲಾಗಿ ಹೇಳಿರಲಿಲ್ಲ. ಹೇಳುತ್ತ ತನಗೇ ಉದ್ದವಾಯಿತೇನೋ ಎಂದು ನಿಲ್ಲಿಸಿದಳು.

"ಮತ್ತು ನಿನ್ನ ಗಂಡ?"

ಜಗದೀಶ ಅವಳನ್ನೇ ನೋಡುತ್ತಿದ್ದ. ಇಲ್ಲಿ ಒಂದು ಮಾತು ಹೆಚ್ಚುಕಮ್ಮಿಯಾದರೆ ಈ ಜಾಗವೂ ಇಲ್ಲ. ಅವನ ಹೆಸರಿಗೆ ಏನಾದರೂ ಚೆಂದದ್ದು ಸೇರಿಸಿ ಹೇಳಬಹುದಿತ್ತು, ಹಕ್ಕಿಗಳು, ಅತಿಥಿಗಳು.

"ಇಲ್ಲಿಯವರೆಗೆ ಮ್ಯಾಪು ತೋರಿಸೋದು, ಸೌದೆ ಕೊಡೋದು" ಎಂದಳು. "ಅಲ್ಲಿ ಬಾತ್‌ಹೌಸ್ ಬೆಳಿಗ್ಗೆ ನಾನು ತೊಳೀತೀನಿ, ಸಂಜೆ ಅವರು. ಎರಡೂ ನನ್ನ ಒಬ್ಬಳ ಹೆಸರಿಗೆ ಒಪ್ಪಿಕೊಳ್ಳಲ್ಲ."

"ಅದನ್ನು ಅವನ ಬಾಯಿಂದ ಕೇಳಬೇಕು" ಎಂದಿತು ಫೋನು.

ದೇವಮ್ಮ ಸ್ಪೀಕರ್ ಹಾಕಿ ಫೋನನ್ನು ಹಲಗೆಯ ಮಧ್ಯೆ ಇಟ್ಟಳು. ಜಗದೀಶ ಫೋನನ್ನು ನೋಡಿದ, ಕಿಟಕಿ ನೋಡಿದ. ಹೊರಗೆ ಎಲೆಗಳು ಉದುರಲು ಶುರುವಾಗಿದ್ದವು.

"ಸರ್, ಇದ್ದೀರಾ?" ಎಂದಿತು ದನಿ.

"ಯೆಸ್" ಎಂದ. ಫೋನಿನ ಕಡೆ ಬಗ್ಗಿ, "ಯೆಸ್. ಈವನಿಂಗ್ಸ್. ಐ ವಿಲ್ ಕ್ಲೀನ್."

ಮೂವತ್ತು ದಿನದ ಪರೀಕ್ಷೆ ಎಂದರು. ಸರಿಯಾಗಿ ನಡೆದರೆ ಏಪ್ರಿಲ್‌ವರೆಗೆ. ಇಲ್ಲದಿದ್ದರೆ ನವೆಂಬರಿನಲ್ಲಿ ಮತ್ತೆ ರಸ್ತೆ. ಫೋನಿಟ್ಟ ಮೇಲೆ ದೇವಮ್ಮ ಮತ್ತೆ ಎಣಿಸತೊಡಗಿದಳು. ನವೆಂಬರಿನ ಚಳಿ ಅಕ್ಟೋಬರಿಗಿಂತ ಕೆಟ್ಟದ್ದು. ಈ ಮನುಷ್ಯ ಬೆನ್ನು ಅಂದರೆ? ಎರಡು ದಿನ ಮಾಡಿ ಮೂರನೇ ದಿನ ಅವಳ ಮುಖ ನೋಡಿದರೆ? ನೋಡಿದಾಗ ಎದ್ದು ಹೋಗಿ ತಾನೇ ತೊಳೆದುಬಿಟ್ಟರೆ? ಅವನಿಗಿಂತ ಅವಳಿಗೆ ತನ್ನ ಮೇಲೆಯೇ ನಂಬಿಕೆ ಕಡಿಮೆಯಿತ್ತು.

"ಸಂಜೆ ಪಾಳಿ ಐದಕ್ಕೆ" ಎಂದಳು ಕೊನೆಗೆ. "ಇವತ್ತಿಂದಲೇ ಕಲೀರಿ. ಯಾವ ಬ್ರಷ್ ಯಾವುದಕ್ಕೆ ಅಂತ ತೋರಿಸ್ತೀನಿ."

"ಇವತ್ತಾ? ಇಲ್ಲಿ ಇನ್ನು ಮೂರು ದಿನ ತಾನೆ ಇರೋದು."

"ಇವತ್ತು."

ಐದಕ್ಕೆ ಅವಳು ಬಕೆಟ್ ಹಿಡಿದು ಗಾಡಿಯ ಬಾಗಿಲಲ್ಲಿ ನಿಂತಳು. ಅವನು ಸೋಫಾದ ಅಂಚಿನಲ್ಲಿ ಕೂತು ಒಂದು ಕಾಲಿಗೆ ರಬ್ಬರ್ ಬೂಟು ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಅದರ ಅಳತೆ ತನ್ನದಲ್ಲ ಅನ್ನುವ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. "ನೀವು ಬರೋ ಹೊತ್ತಿಗೆ ನಾನೇ ಶುರು ಮಾಡಿರ್ತೀನಿ" ಎಂಬ ಮಾತು ಅವಳ ತುದಿನಾಲಿಗೆಗೆ ಬಂತು. ನುಂಗಿಕೊಂಡು, ಬಕೆಟ್ಟಿನ ಹಿಡಿಯನ್ನು ಬಿಗಿಯಾಗಿ ಹಿಡಿದು, ಅವನು ಆ ಬೂಟಿನೊಳಗೆ ಕಾಲಿಡುವುದನ್ನು ಕಾಯುತ್ತ ನಿಂತಳು.